ಮರುಭೂಮಿಯಲ್ಲಿ ಪ್ರಯಾಣಿಕ ವಿಮಾನಗಳ ಸಂಗ್ರಹಣೆ

ಸೇವೆಯಿಂದ ತಾತ್ಕಾಲಿಕವಾಗಿಯೋ ಶಾಶ್ವತವಾಗಿಯೋ ಹಿಂದೆಗೆದ ಪ್ರಯಾಣಿಕ ವಿಮಾನಗಳನ್ನು ಮಳೆ ವಿರಳವಾದ ಒಣನಾಡಿನ ನೆಲೆಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಲ್ಲಿಸಿ ಕಾಪಾಡುವ ಪದ್ಧತಿಯ ಬೇರು ಎರಡನೆಯ ಮಹಾಯುದ್ಧದ ಕೊನೆಯ ಅಮೆರಿಕದ ಸೇನಾ ನೆಲೆಗಳಲ್ಲಿದೆ. ಹೀಗೆ ನಿಂತ ವಿಮಾನ ಮತ್ತೆ ಹಾರಬಹುದು, ಬೇರೆ ಕಂಪನಿಗೆ ಮಾರಾಟವಾಗಬಹುದು ಅಥವಾ ಬಿಡಿಭಾಗಗಳಾಗಿ ಬಿಚ್ಚಿಹೋಗಬಹುದು; ಮೂರರಲ್ಲಿ ಯಾವುದೆಂಬುದು ತೀರ್ಮಾನವಾಗುವವರೆಗೆ ಅದರ ಬೆಲೆ ಕುಸಿಯದಂತೆ ನೋಡಿಕೊಳ್ಳುವುದೇ ಸಂಗ್ರಹಣೆಯ ಉದ್ದೇಶ.

ಮರುಭೂಮಿಯನ್ನು ಆರಿಸಿಕೊಳ್ಳಲು ಗಾಳಿಯೂ ನೆಲವೂ ಕಾರಣ. ವಿಮಾನದ ಮೈ ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿದ್ದು, ತೇವವೂ ಉಪ್ಪೂ ಸೇರಿದಲ್ಲಿ ಅದು ಒಳಗೊಳಗೇ ಸವೆಯುತ್ತದೆ. ಜೋಳವನ್ನು ಹಗೇವಿಗೆ ಇಳಿಸುವ ರೈತನ ಚಿಂತೆಯೇ ಇಲ್ಲಿಯದೂ ಆಗಿದೆ: ಒಳಗೆ ತೇವ ಸೇರಬಾರದು. ಅರಿಜೋನಾದ ಟೂಸಾನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 300 ಮಿಲಿಮೀಟರಿಗಿಂತ ಕಡಿಮೆ. ಧಾರವಾಡ ಜಿಲ್ಲೆಯಲ್ಲಿ ಮಳೆ ಕಡಿಮೆಯೆನಿಸಿದ ನವಲಗುಂದದಲ್ಲೂ ಅದರ ಸುಮಾರು ಎರಡರಷ್ಟು ಬೀಳುತ್ತದೆ, ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಇನ್ನೂ ಹೆಚ್ಚು. ನೆಲದ ವ್ಯತ್ಯಾಸವಂತೂ ಇದಕ್ಕಿಂತ ದೊಡ್ಡದು. ಅರಿಜೋನಾದ ಮಣ್ಣಿನಡಿಯಲ್ಲಿ ಕಲೀಚೆ ಎಂಬ ಸುಣ್ಣಗಟ್ಟಿದ ಗಡಸು ಪದರವಿರುವುದರಿಂದ ಡಾಂಬರು, ಕಾಂಕ್ರೀಟು ಹಾಕದೆಯೂ ಭಾರದ ವಿಮಾನಗಳನ್ನು ಎಳೆದು ನಿಲ್ಲಿಸಬಹುದು. ನವಲಗುಂದ, ಅಣ್ಣಿಗೇರಿಯ ಎರೆ ಭೂಮಿಯಾದರೋ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವಂಥದು. ಹತ್ತಿಗೂ ಕಡಲೆಗೂ ಒಳ್ಳೆಯದಾದ ಆ ನೆಲ, ಖಾಲಿಯಿದ್ದಾಗಲೂ ಸುಮಾರು 180 ಟನ್ ತೂಗುವ ಬೋಯಿಂಗ್ 747ರ ಚಕ್ರಗಳನ್ನು ತಾಳಲಾರದು.

1945ರಲ್ಲಿ ಯುದ್ಧ ಮುಗಿದಾಗ ಅಮೆರಿಕದ ಸರ್ಕಾರದ ಕೈಯಲ್ಲಿ ಸಾವಿರಾರು ವಿಮಾನಗಳು ಕೆಲಸವಿಲ್ಲದೆ ಉಳಿದವು. ಅರಿಜೋನಾದ ಕಿಂಗ್‌ಮನ್‌ನಲ್ಲಿ ಸೇರಿಸಿದ ಸುಮಾರು 5,500 ವಿಮಾನಗಳಲ್ಲಿ ಬಹುತೇಕವನ್ನು ಕತ್ತರಿಸಿ ಕುಲುಮೆಗೆ ಹಾಕಿ ಅಲ್ಯೂಮಿನಿಯಂ ಗಟ್ಟಿಗಳನ್ನಾಗಿ ಮಾಡಲಾಯಿತು. ಟೂಸಾನ್ ಬಳಿಯ ಡೇವಿಸ್-ಮೊಂಥನ್ ವಾಯುನೆಲೆಯಲ್ಲಿ ಮಾತ್ರ ಬಿ-29 ಬಾಂಬರ್‌ಗಳನ್ನೂ ಸಿ-47 ಸಾಗಣೆ ವಿಮಾನಗಳನ್ನೂ ಮುಂದಿನ ಬಳಕೆಗೆಂದು ಉಳಿಸಿಕೊಂಡರು. ಹಿರೋಶಿಮಾದ ಮೇಲೆ ಅಣುಬಾಂಬು ಹಾಕಿದ ‘ಎನೋಲಾ ಗೇ’ ಕೂಡ 1946ರಲ್ಲಿ ಅಲ್ಲಿಗೇ ಬಂದಿತು. ಕರಗಿಸುವುದಕ್ಕಿಂತ ಕಾದಿರಿಸುವುದು ಲಾಭಕರವೆಂಬ ಅರಿವು ಆ ನೆಲೆಯಲ್ಲಿ ಗಟ್ಟಿಯಾಯಿತು. ಇಂದಿಗೂ ಅದೇ ಜಗತ್ತಿನ ಅತಿ ದೊಡ್ಡ ವಿಮಾನ ಸಂಗ್ರಹಾಗಾರ. ಸೇನೆಯ ಈ ಅಂಗಳಕ್ಕೆ ಪ್ರಯಾಣಿಕ ವಿಮಾನಗಳೂ ಬಂದದ್ದುಂಟು: ತನ್ನ ಕೆಸಿ-135 ಇಂಧನವಾಹಕಗಳಿಗೆ ಎಂಜಿನ್ನು, ಬಿಡಿಭಾಗಗಳು ಬೇಕೆಂದು ಅಮೆರಿಕದ ವಾಯುಪಡೆ 1980ರ ದಶಕದಲ್ಲಿ ವಿಮಾನ ಕಂಪನಿಗಳು ಕೈಬಿಟ್ಟ ಬೋಯಿಂಗ್ 707ಗಳನ್ನು ಕೊಂಡು ಅಲ್ಲಿ ಸಾಲಾಗಿ ನಿಲ್ಲಿಸಿತ್ತು.

ನಾಗರಿಕ ವಿಮಾನಗಳ ಸಂಗ್ರಹಣೆ ಬೆಳೆದದ್ದು ಸೇನೆ ಬಿಟ್ಟುಹೋದ ರನ್‌ವೇಗಳ ಮೇಲೆ. ಅರಿಜೋನಾದ ಮರಾನ, ಕ್ಯಾಲಿಫೋರ್ನಿಯಾದ ಮೊಹಾವಿ, ನ್ಯೂ ಮೆಕ್ಸಿಕೋದ ರಾಸ್‌ವೆಲ್, 1992ರಲ್ಲಿ ಮುಚ್ಚಿದ ಜಾರ್ಜ್ ವಾಯುನೆಲೆಯ ಜಾಗದ ವಿಕ್ಟರ್‌ವಿಲ್, ಇವೆಲ್ಲ ಹೀಗೆಯೇ ಹುಟ್ಟಿದವು. ವಿಮಾನಯಾನದ ವ್ಯಾಪಾರ ಕುಗ್ಗಿದಾಗಲೆಲ್ಲ ಈ ಅಂಗಳಗಳು ತುಂಬುತ್ತವೆ. 2001ರ ಸೆಪ್ಟೆಂಬರ್ ದಾಳಿಗಳ ನಂತರ ಮೊಹಾವಿಯಲ್ಲಿ ಹೊಸದೆನ್ನಬಹುದಾದ ವಿಮಾನಗಳೂ ಬಂದು ನಿಂತವು.

ನಿಲ್ಲಿಸುವುದೆಂದರೆ ಬಿಟ್ಟುಬಿಡುವುದಲ್ಲ. ಟ್ಯಾಂಕಿನ ಇಂಧನ ತೆಗೆದು ಎಂಜಿನ್ನಿಗೆ ಸಂರಕ್ಷಕ ಎಣ್ಣೆ ಹಾಯಿಸುತ್ತಾರೆ. ಎಂಜಿನ್ನಿನ ಬಾಯಿಗಳನ್ನೂ, ಹಾರಾಟದ ವೇಗ ಅಳೆಯಲು ಗಾಳಿ ಒಳಬರುವ ಸಣ್ಣ ಕೊಳವೆಗಳನ್ನೂ, ಹಕ್ಕಿ ಗೂಡು ಕಟ್ಟಬಹುದಾದ ಸಂದುಗಳನ್ನೂ ಮುಚ್ಚಿ, ಬಿಸಿಲು ಒಳಹೊಕ್ಕು ಆಸನ, ಪ್ಲಾಸ್ಟಿಕ್ಕುಗಳನ್ನು ಸುಡದಂತೆ ಕಿಟಕಿಗಳಿಗೆ ಬಿಳಿಯ ಲೇಪ ಅಥವಾ ಬೆಳಕು ಮರಳಿಸುವ ಹಾಳೆ ಹಚ್ಚಿ, ಒಳಗೆ ತೇವ ಹೀರುವ ಸಿಲಿಕಾ ಚೀಲಗಳನ್ನಿಡುತ್ತಾರೆ. ಟೈರು ಒಂದೇ ಕಡೆ ಚಪ್ಪಟೆಯಾಗದಂತೆ ಆಗಾಗ ಚಕ್ರ ತಿರುಗಿಸಬೇಕು. ಬೇಗ ಸೇವೆಗೆ ಮರಳಬೇಕಾದ ವಿಮಾನದ ಎಂಜಿನ್ನನ್ನು ನಿಗದಿತ ಅವಧಿಗೊಮ್ಮೆ ಚಾಲೂ ಮಾಡಿ ನೋಡುವುದೂ ಇದೆ. ಇಷ್ಟೇ ಮುಖ್ಯವಾದದ್ದು ದಾಖಲೆ. ಪ್ರತಿ ಭಾಗ ಎಷ್ಟು ಗಂಟೆ ಹಾರಿದೆ, ಯಾವಾಗ ದುರಸ್ತಿಯಾಗಿದೆ ಎಂಬ ಕಾಗದಗಳು ಕಳೆದುಹೋದರೆ ಸುಸ್ಥಿತಿಯ ಎಂಜಿನ್ನಿಗೂ ಗುಜರಿಯ ಬೆಲೆಯೇ ಬರುತ್ತದೆ. ಬಿಚ್ಚುವ ಕೆಲಸದಲ್ಲಿ ಹೆಚ್ಚು ಹಣ ತರುವುದು ಎಂಜಿನ್ನು. ಆಮೇಲೆ ಲ್ಯಾಂಡಿಂಗ್ ಗೇರು ಮತ್ತು ಎಲೆಕ್ಟ್ರಾನಿಕ್ ಉಪಕರಣಗಳು. ಫ್ರಾನ್ಸಿನ ತಾರ್ಬ್‌ನಲ್ಲಿ ಏರ್‌ಬಸ್ ಕಂಪನಿ ಕೈಗೊಂಡ ‘ಪಾಮೆಲಾ’ ಯೋಜನೆ, ವಿಮಾನದ ತೂಕದಲ್ಲಿ ಸುಮಾರು ಶೇಕಡಾ 85ರಷ್ಟನ್ನು ಮರುಬಳಕೆಗೆ ತರಬಹುದೆಂದು ತೋರಿಸಿತು.

ಇತರ ಖಂಡಗಳಲ್ಲಿ ಈ ಉದ್ಯಮ ತಡವಾಗಿ ಬೇರೂರಿತು. ಸ್ಪೇನಿನ ತೆರುಯೆಲ್‌ನಲ್ಲಿ 2013ರಲ್ಲೂ ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 2014ರಲ್ಲೂ ನೆಲೆಗಳು ಕೆಲಸ ಆರಂಭಿಸಿದವು. 2020ರಲ್ಲಿ ಕೋವಿಡ್ ಕಾರಣದಿಂದ ಹಾರಾಟ ನಿಂತಾಗ ಸಿಂಗಪುರದ ಎ380 ವಿಮಾನಗಳು ತಮ್ಮ ನಾಡಿನ ತೇವದ ಹವೆಯಿಂದ ದೂರವಾಗಿ ಆಲಿಸ್ ಸ್ಪ್ರಿಂಗ್ಸ್‌ಗೆ ಹೋದವು. ಭಾರತದ ವಿಮಾನಗಳು ಮಾತ್ರ ಆ ವರ್ಷದ ಮಾರ್ಚ್ 25ರಿಂದ ಎರಡು ತಿಂಗಳು ಹೆಚ್ಚಾಗಿ ಸ್ವದೇಶದ ವಿಮಾನ ನಿಲ್ದಾಣಗಳಲ್ಲೇ ನಿಂತಿದ್ದವು.

ಭಾರತದಲ್ಲಿ ಇಂಥ ನಾಗರಿಕ ಮರುಭೂಮಿ ನೆಲೆ ಬೆಳೆದಿಲ್ಲ. ಥಾರ್ ಮರುಭೂಮಿ ಗಡಿಗೆ ಹೊಂದಿಕೊಂಡಿದ್ದು, ಅಲ್ಲಿನ ಪ್ರಮುಖ ರನ್‌ವೇಗಳು ವಾಯುಪಡೆಯವು. ಇಲ್ಲಿ ವಿಮಾನಗಳು ನಿಂತಲ್ಲೇ ನಿಂತದ್ದು ಹವೆ ನೋಡಿ ಅಲ್ಲ, ಸಾಲ, ತೆರಿಗೆ, ನ್ಯಾಯಾಲಯಗಳ ಕಾರಣದಿಂದ. ಇದಕ್ಕೆ ಕರ್ನಾಟಕದ್ದೇ ಪ್ರಮುಖ ನಿದರ್ಶನವಿದೆ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ, ಹುಬ್ಬಳ್ಳಿಯಂಥ ಊರುಗಳಿಗೂ ಸಣ್ಣ ಎಟಿಆರ್ ವಿಮಾನ ಹಾರಿಸಿದ ಏರ್ ಡೆಕ್ಕನ್, 2008ರಲ್ಲಿ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್‌ನೊಡನೆ ವಿಲೀನವಾಯಿತು. ಒಂದು ಕಾಲಕ್ಕೆ ಅರವತ್ತಕ್ಕೂ ಹೆಚ್ಚು ವಿಮಾನಗಳಿದ್ದ ಕಿಂಗ್‌ಫಿಷರ್‌ನ ಹಾರಾಟ 2012ರ ಅಕ್ಟೋಬರಿನಲ್ಲಿ ನಿಂತು, ಅದೇ ತಿಂಗಳ 20ರಂದು ಪರವಾನಗಿ ಅಮಾನತುಗೊಂಡಿತು. ಬಾಡಿಗೆಗೆ ಕೊಟ್ಟ ವಿದೇಶಿ ಕಂಪನಿಗಳು ತಮ್ಮ ವಿಮಾನಗಳನ್ನು ಬಿಡಿಸಿಕೊಳ್ಳಲು ಬಾಕಿ, ತೆರಿಗೆಗಳ ತೊಡಕು ದಾಟಬೇಕಾಯಿತು. ಕಂಪನಿಯ ಒಡೆಯ ವಿಜಯ ಮಲ್ಯ ಬಳಸುತ್ತಿದ್ದ ಎ319 ವಿಮಾನವನ್ನು ಸೇವಾ ತೆರಿಗೆ ಇಲಾಖೆ ವಶಪಡಿಸಿಕೊಂಡಿತು. ಮುಂಬೈಯ ಕಡಲಗಾಳಿಯಲ್ಲಿ ನಿಂತಿದ್ದ ಅದನ್ನು 2016ರಲ್ಲಿ 152 ಕೋಟಿ ರೂಪಾಯಿ ಕನಿಷ್ಠ ಬೆಲೆಗೆ ಹರಾಜಿಗಿಟ್ಟಾಗ ಬಂದ ಸವಾಲು ಒಂದು ಕೋಟಿಯ ಆಸುಪಾಸು. ಕಡೆಗೆ 2018ರಲ್ಲಿ ಸುಮಾರು 35 ಕೋಟಿಗೆ ಮಾರಾಟವಾಯಿತು.

ವಿಮಾನದ ಮೇಲೆ ಸಾಲಕೊಟ್ಟವರ, ಬಾಡಿಗೆಗೆ ಕೊಟ್ಟವರ ಹಕ್ಕನ್ನು ಕಾಯುವ 2001ರ ಕೇಪ್‌ಟೌನ್ ಒಪ್ಪಂದಕ್ಕೆ ಭಾರತ 2008ರಲ್ಲೇ ಸೇರಿತ್ತಾದರೂ ಅದಕ್ಕೆ ಪೂರ್ಣ ಕಾನೂನಿನ ಬಲ ಇರಲಿಲ್ಲ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿದಾಗ ಅದರ 54 ವಿಮಾನಗಳು ಸುಮಾರು ಒಂದು ವರ್ಷ ನಿಂತಲ್ಲೇ ಉಳಿದವು. 2024ರ ಏಪ್ರಿಲ್ 26ರಂದು ದೆಹಲಿ ಹೈಕೋರ್ಟ್ ನೋಂದಣಿ ರದ್ದತಿಗೆ ಆದೇಶಿಸಿದ ಮೇಲೆಯೇ ಅವುಗಳ ಮಾಲೀಕರಿಗೆ ದಾರಿ ತೆರೆಯಿತು. ಕೇಪ್‌ಟೌನ್ ಒಪ್ಪಂದಕ್ಕೆ ಕಾನೂನಿನ ಬಲ ಕೊಡುವ ಕಾಯ್ದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು.