ಹಳೇ ಸೂಪರ್‌ಹೀರೋ ಬೊಂಬೆಗೆ ನಿಜಕ್ಕೂ ಲಕ್ಷ ಲಕ್ಷ ಸಿಗುತ್ತದೆಯೇ? ಬೆಲೆ ಗೊತ್ತು ಮಾಡುವುದು ಹೇಗೆ?

"ಅಟ್ಟದ ಮೇಲೆ ಹಳೇ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್ ಬೊಂಬೆ ಇದೆಯೇ? ಬಿಸಾಡಬೇಡಿ! ಲಕ್ಷಾಂತರ ರೂಪಾಯಿಗೆ ಕೊಳ್ಳುವವರಿದ್ದಾರೆ. ಈ ನಂಬರಿಗೆ ಫೋಟೋ ಕಳಿಸಿ." ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಹಳೇ 5 ರೂಪಾಯಿ ನೋಟು, ವೈಷ್ಣೋದೇವಿ ನಾಣ್ಯ ಎಂದೆಲ್ಲ ಓಡಾಡಿದ ಸಂದೇಶಗಳ ತಮ್ಮ ಇದು.

ಚಿಕ್ಕ ಉತ್ತರ: ಕೆಲವು ಬೊಂಬೆಗಳಿಗೆ ಲಕ್ಷಗಟ್ಟಲೆ ಬೆಲೆ ಬಂದಿರುವುದು ನಿಜ. ಆದರೆ ಅವು ನಮ್ಮ ಅಟ್ಟದಲ್ಲಿ ಇರುವ ಸಾಧ್ಯತೆ ತೀರಾ ಕಡಿಮೆ. ಇನ್ನು "ಫೋಟೋ ಕಳಿಸಿ" ಎನ್ನುವವರಿಗೆ ಬೇಕಾಗಿರುವುದು ಸಾಮಾನ್ಯವಾಗಿ ಬೊಂಬೆಯಲ್ಲ, ನಿಮ್ಮ ದುಡ್ಡು.

ಕೋಟಿ ಬೆಲೆಯ ಬೊಂಬೆ ಯಾವುದು?

ಕೈಕಾಲು ಮಡಚುವ ಇಂಥ ಬೊಂಬೆಗಳಿಗೆ 'ಆಕ್ಷನ್ ಫಿಗರ್' ಎಂಬ ಹೆಸರು ಬಂದದ್ದು 1964ರಲ್ಲಿ. ಅಮೆರಿಕದ ಹ್ಯಾಸ್ಬ್ರೋ ಕಂಪನಿ 'ಜಿ.ಐ. ಜೋ' ಎಂಬ ಸೈನಿಕನ ಬೊಂಬೆ ತಂದಾಗ, 'ಗೊಂಬೆ' ಎಂದರೆ ಗಂಡುಹುಡುಗರು ಕೊಳ್ಳುವುದಿಲ್ಲವೆಂದು ಕೊಟ್ಟ ಹೆಸರು ಅದು. 2024ರಲ್ಲಿ ಅಮೆರಿಕದ ಹರಾಜೊಂದರಲ್ಲಿ 'ಸ್ಟಾರ್ ವಾರ್ಸ್' ಸಿನಿಮಾದ ಬೋಬಾ ಫೆಟ್ ಎಂಬ ಪಾತ್ರದ ಪುಟ್ಟ ಬೊಂಬೆ 5,25,000 ಡಾಲರಿಗೆ, ಅಂದರೆ ನಾಲ್ಕು ಕೋಟಿ ರೂಪಾಯಿಗೂ ಹೆಚ್ಚಿಗೆ ಹೋಯಿತು. ಸುದ್ದಿ ಸುಳ್ಳಲ್ಲ. ಆದರೆ ಆ ಬೊಂಬೆ ಯಾವ ಅಂಗಡಿಯಲ್ಲೂ ಮಾರಾಟಕ್ಕೆ ಬಂದದ್ದೇ ಅಲ್ಲ. ಬೆನ್ನಿನಿಂದ ಪುಟ್ಟ ರಾಕೆಟ್ ಹಾರಿಸುವ ಆ ಮಾದರಿಯನ್ನು, ಮಕ್ಕಳ ಗಂಟಲಲ್ಲಿ ರಾಕೆಟ್ ಸಿಕ್ಕಿಕೊಳ್ಳಬಹುದೆಂಬ ಭಯದಿಂದ ಕಂಪನಿ ಕೈಬಿಟ್ಟಿತ್ತು. ಪರೀಕ್ಷೆಗೆಂದು ಮಾಡಿದ ಕೆಲವೇ ಕೆಲವು ಉಳಿದವು, ಅವುಗಳಲ್ಲೊಂದಕ್ಕೆ ಈ ಬೆಲೆ.

ನಮ್ಮ ಕಡೆ ಮನೆಗಳಲ್ಲಿ ಸಿಗಬಹುದಾದ, ಹೊರದೇಶದ ಸಂಗ್ರಾಹಕರೂ ಹುಡುಕುವ ಬೊಂಬೆಗಳು ಇಲ್ಲವೇ ಇಲ್ಲ ಎಂದಲ್ಲ. 1987ರಲ್ಲಿ ಶುರುವಾದ ಫನ್‌ಸ್ಕೂಲ್ ಕಂಪನಿ ಇಲ್ಲೇ ತಯಾರಿಸಿದ ಜಿ.ಐ. ಜೋ ಬೊಂಬೆಗಳ ಬಣ್ಣ ಅಮೆರಿಕದವಕ್ಕಿಂತ ಎಷ್ಟೋ ಸಲ ಬೇರೆಯಾಗಿರುತ್ತಿತ್ತು. ಆ ವ್ಯತ್ಯಾಸಕ್ಕೇ ಅವುಗಳಿಗೆ ಗಿರಾಕಿಗಳಿದ್ದಾರೆ. 'ಲಿಯೋ ಮ್ಯಾಟೆಲ್' ಹೆಸರಿನಲ್ಲಿ ಬಂದ ಹೀ-ಮ್ಯಾನ್ ಬೊಂಬೆಗಳೂ ಹಾಗೆಯೇ. ಕತ್ತಿ, ಬಂದೂಕು, ರಟ್ಟಿನ ಪ್ಯಾಕಿಂಗ್ ಎಲ್ಲ ಸರಿಯಾಗಿದ್ದರೆ ಒಳ್ಳೆಯ ಬೆಲೆ ಬರುತ್ತದೆ. ಕೈ ಮುರಿದು, ಬಣ್ಣ ಹೋಗಿ, ಕತ್ತಿ ಕಳೆದಿದ್ದರೆ ಅದು ಬರೀ ನೆನಪು.

ಹೇಳಿದ ಬೆಲೆ ಬೇರೆ, ಹರಾಜಿನಲ್ಲಿ ಕೂಗಿದ ಬೆಲೆ ಬೇರೆ

ಈ ಮಾತನ್ನು ಕೋಲಾರದವರಿಗೆ ಬಿಡಿಸಿ ಹೇಳಬೇಕಿಲ್ಲ. ಎಪಿಎಂಸಿಗೆ ಟೊಮೆಟೊ ತಂದ ರೈತ ಮನಸ್ಸಿನಲ್ಲಿ ಏನೇ ಬೆಲೆ ಇಟ್ಟುಕೊಂಡಿರಲಿ, 15 ಕೆ.ಜಿ. ಬಾಕ್ಸಿಗೆ ಸಿಗುವುದು ಹರಾಜಿನಲ್ಲಿ ಕೂಗಿದ್ದಷ್ಟೇ. 2023ರ ಜುಲೈನಲ್ಲಿ ಅದು 2,000 ರೂಪಾಯಿ ದಾಟಿತ್ತು. ಹಾಗೆಂದು ಅದನ್ನೇ ಟೊಮೆಟೊದ 'ನಿಜವಾದ ಬೆಲೆ' ಎಂದು ಹಿಡಿದುಕೊಂಡು ಕೂತರೆ ಹಣ್ಣು ಕೊಳೆಯುತ್ತದೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲೂ ಇದೇ ಲೆಕ್ಕ.

ಬೊಂಬೆಗೂ ಅಷ್ಟೆ. ಇ-ಬೇಯಂಥ ತಾಣದಲ್ಲಿ ಯಾರೋ 3 ಲಕ್ಷ ಎಂದು ಹಾಕಿದ ಸ್ಕ್ರೀನ್‌ಶಾಟ್ ಪುರಾವೆಯಲ್ಲ. ಯಾರು ಬೇಕಾದರೂ ಎಷ್ಟು ಬೇಕಾದರೂ ಹಾಕಬಹುದು. ಅದೇ ತಾಣದಲ್ಲಿ 'ಮಾರಾಟವಾದವು' ಎಂದು ಪ್ರತ್ಯೇಕವಾಗಿ ಹುಡುಕುವ ಸೌಲಭ್ಯವಿದೆ. ನಿಮ್ಮ ಬೊಂಬೆಯ ಅದೇ ಕಂಪನಿ, ಅದೇ ವರ್ಷ, ಅದೇ ಸ್ಥಿತಿಯದು ಇತ್ತೀಚೆಗೆ ಎಷ್ಟಕ್ಕೆ ಹೋಗಿದೆ ನೋಡಿ. ನಾಲ್ಕೈದು ಮಾರಾಟಗಳ ನಡುವಿನ ಬೆಲೆಯೇ ಸದ್ಯದ ಬೆಲೆ. ಅದರಲ್ಲಿ ಕೊರಿಯರ್ ಖರ್ಚು, ತಾಣದ ಕಮಿಷನ್ ಕಳೆದ ಮೇಲೆ ಕೈಗೆ ಬರುವುದು ಇನ್ನೂ ಕಡಿಮೆ.

ಕೆಲಸದ ಬೆಲೆಗೂ ಇದಕ್ಕೂ ಸಂಬಂಧವಿಲ್ಲ ಎನ್ನುವುದನ್ನೂ ಗಮನಿಸಿ. ಮಾಲೂರು ತಾಲೂಕಿನ ಶಿವಾರಪಟ್ಟಣದಲ್ಲಿ ಒಂದು ಕಲ್ಲಿನ ವಿಗ್ರಹಕ್ಕೆ ಬೆಲೆ ಕಟ್ಟುವಾಗ ಕಲ್ಲು, ಅಳತೆ, ಶಿಲ್ಪಿ ಕೂತ ದಿನಗಳು ಲೆಕ್ಕಕ್ಕೆ ಬರುತ್ತವೆ. ಅಚ್ಚಿನಿಂದ ಸಾವಿರಗಟ್ಟಲೆ ಬರುವ ಬೊಂಬೆಗೆ ಆ ಲೆಕ್ಕವಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಇಷ್ಟೇ.

ಆದ್ದರಿಂದ 'ಹಳೆಯದಾದರೆ ಬೆಲೆ ಹೆಚ್ಚು' ಎನ್ನುವುದೂ ಪೂರ್ತಿ ನಿಜವಲ್ಲ. 1990ರ ದಶಕದಲ್ಲಿ ಬಂದ ಟಾಯ್ ಬಿಜ್ ಕಂಪನಿಯ ಎಕ್ಸ್-ಮೆನ್ ಬೊಂಬೆಗಳನ್ನು ಮುಂದೆ ಬೆಲೆ ಬರುತ್ತದೆಂದು ಅಮೆರಿಕದಲ್ಲಿ ಬಹಳ ಜನ ಸೀಲ್ ಒಡೆಯದೆ ಇಟ್ಟರು. ಎಲ್ಲರೂ ಇಟ್ಟದ್ದರಿಂದ ಎಲ್ಲರ ಬಳಿಯೂ ಉಳಿಯಿತು. ಇವತ್ತಿಗೂ ಅವುಗಳಲ್ಲಿ ಹೆಚ್ಚಿನವು ಅಗ್ಗ. ಬಾಕ್ಸಿನ ಮೇಲೆ 'ಲಿಮಿಟೆಡ್ ಎಡಿಷನ್' ಎಂದಿದ್ದು, ಒಟ್ಟು ಎಷ್ಟು ಮಾಡಿದ್ದಾರೆ ಎಂಬ ಸಂಖ್ಯೆ ಇಲ್ಲದಿದ್ದರೆ ಅದು ಬರೀ ಜಾಹೀರಾತು.

ಅಸಲಿಯೋ ಡೂಪ್ಲಿಕೇಟೋ?

ಮೊದಲು ಬೊಂಬೆಯ ಪಾದ ಅಥವಾ ಬೆನ್ನು ನೋಡಿ. ಅಸಲಿ ಬೊಂಬೆಗಳಲ್ಲಿ ಸಾಮಾನ್ಯವಾಗಿ ಕಂಪನಿಯ ಹೆಸರು, ವರ್ಷ, ತಯಾರಾದ ದೇಶದ ಹೆಸರು ಅಚ್ಚಿನಲ್ಲೇ ಇರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಆ ವರ್ಷ ಬೊಂಬೆ ತಯಾರಾದ ವರ್ಷವಲ್ಲ, ಆ ವಿನ್ಯಾಸದ ಹಕ್ಕುಸ್ವಾಮ್ಯದ ವರ್ಷ. ಬಾರ್ಬಿ ಗೊಂಬೆಗಳ ಬೆನ್ನಿನ ಮೇಲೆ '1966' ಎಂಬ ಗುರುತು ದಶಕಗಳ ನಂತರ ತಯಾರಾದವುಗಳಲ್ಲೂ ಇದೆ. ಅದನ್ನು ತೋರಿಸಿ 'ಅರವತ್ತರ ದಶಕದ ಆಂಟಿಕ್' ಎಂದು ಮಾರುವುದು ಹಳೇ ಆಟ.

ಪಾತ್ರದ ವಯಸ್ಸನ್ನೂ ನೆನಪಿಡಿ. ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಬಂದದ್ದು 1962ರಲ್ಲಿ, ಅವನ ಕಪ್ಪು ಉಡುಪು ಬಂದದ್ದು 1984ರಲ್ಲಿ. ಹಾಗಾಗಿ ಕಪ್ಪು ಸ್ಪೈಡರ್‌ಮ್ಯಾನ್ ತೋರಿಸಿ '1970ರ ಬೊಂಬೆ' ಎಂದರೆ ಅಲ್ಲಿಗೇ ಮಾತು ಮುಗಿಯಿತು. ಶಕ್ತಿಮಾನ್ ದೂರದರ್ಶನಕ್ಕೆ ಬಂದದ್ದು 1997ರಲ್ಲಿ, ಅದಕ್ಕಿಂತ ಹಳೆಯ ಶಕ್ತಿಮಾನ್ ಬೊಂಬೆ ಇರುವುದು ಸಾಧ್ಯವಿಲ್ಲ.

ಆಮೇಲೆ ಕೈಗೆ ತೆಗೆದುಕೊಂಡು ನೋಡಿ. ಕಣ್ಣಿನ ಬಣ್ಣ ಕಣ್ಣಿನ ಗೆರೆಯೊಳಗೇ ಇದೆಯೇ? ಅಚ್ಚಿನ ಎರಡು ಭಾಗ ಸೇರಿದ ಗೆರೆ ದಪ್ಪಗೆ ಎದ್ದು ಕಾಣುತ್ತದೆಯೇ? ಕೀಲುಗಳು ಬಿಗಿಯಾಗಿ ನಿಲ್ಲುತ್ತವೆಯೇ, ಬೊಂಬೆ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ? ಬಾಕ್ಸಿನ ಅಕ್ಷರ ಮಸುಕಾಗಿದ್ದರೆ, ಕಾಗುಣಿತ ತಪ್ಪಿದ್ದರೆ, ಸೂಪರ್‌ಮ್ಯಾನ್ ಬಾಕ್ಸಿನೊಳಗೆ ಐರನ್‌ಮ್ಯಾನ್ ಕೂತಿದ್ದರೆ ಬೇರೆ ಪರೀಕ್ಷೆ ಬೇಡ. ಮುಳಬಾಗಿಲು ತಾಲೂಕಿನ ಆವಣಿ ಜಾತ್ರೆಯಂಥ ಕಡೆ ಸಾಲಾಗಿ ನೇತಾಡುವ ಅಗ್ಗದ ಬೊಂಬೆಗಳಿಂದ ಮಕ್ಕಳಿಗೆ ಸಿಗುವ ಸಂತೋಷಕ್ಕೇನೂ ಕೊರತೆಯಿಲ್ಲ. ಆದರೆ ಅವನ್ನು ಇಟ್ಟರೆ ಮುಂದೆ ಬೆಲೆ ಬರುವುದಿಲ್ಲ.

ಇನ್ನೊಂದು ನಂಬಿಕೆ: 'ನೀರಿಗೆ ಹಾಕಿ, ತೇಲಿದರೆ ಅಸಲಿ.' ಇದರಿಂದ ಗೊತ್ತಾಗುವುದು ಪ್ಲಾಸ್ಟಿಕ್ ಯಾವುದು ಎನ್ನುವುದರ ಸುಳಿವು ಮಾತ್ರ. ಪಾಲಿಥೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಹಾಗಾಗಿ ತೇಲುತ್ತವೆ. ಬೊಂಬೆಗಳಿಗೆ ಹೆಚ್ಚಾಗಿ ಬಳಸುವ ಎಬಿಎಸ್ ಮತ್ತು ಪಿವಿಸಿ ನೀರಿಗಿಂತ ಭಾರ, ಹಾಗಾಗಿ ಮುಳುಗುತ್ತವೆ. ಒಳಗೆ ಗಾಳಿ ತುಂಬಿದ್ದರೆ ಯಾವುದೂ ತೇಲುತ್ತದೆ. ಅಸಲಿ-ನಕಲಿಯನ್ನು ಇದೊಂದರಿಂದಲೇ ಹೇಳಲಾಗದು. ಮೂಲೆಗೆ ಬೆಂಕಿ ತಾಗಿಸಿ ನೋಡುವುದಂತೂ ಬೇಡವೇ ಬೇಡ. ಬೊಂಬೆ ಹಾಳಾಗುವುದರ ಜೊತೆಗೆ, ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಕೆಟ್ಟ ಅನಿಲ ಬರುತ್ತದೆ.

ಬೊಂಬೆ ಅಂಟಂಟಾದರೆ ಕೆಟ್ಟಿತೆಂದೇ?

ಪಿವಿಸಿಯನ್ನು ಮೆದು ಮಾಡಲು ಸೇರಿಸಿದ ರಾಸಾಯನಿಕ ವರ್ಷಗಳು ಕಳೆದಂತೆ, ಅದರಲ್ಲೂ ಸೆಕೆಯಲ್ಲಿ, ಮೇಲೆ ಒಸರುತ್ತದೆ. ಸ್ವಲ್ಪ ಸೋಪಿನ ನೀರಿನಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದರೆ ಬಹಳಷ್ಟು ಹೋಗುತ್ತದೆ. ಬಿಸಿಲು ಬೀಳುವ ಕಿಟಕಿ, ತಗಡಿನ ಸೂರಿನ ಕೆಳಗಿನ ಅಟ್ಟ ಎರಡೂ ಬೇಡ. ಲೈಟ್ ಹತ್ತುವ ಬೊಂಬೆಯಾದರೆ ಬ್ಯಾಟರಿ ತೆಗೆದಿಡಿ, ಸೋರಿದ ಬ್ಯಾಟರಿ ಒಳಗಿನ ತಂತಿಯನ್ನೇ ತಿನ್ನುತ್ತದೆ.

ಹೊಸದನ್ನು ಕೊಳ್ಳುವಾಗ

ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ 20ರಿಂದ 60 ಶೇಕಡಕ್ಕೆ, 2023ರಲ್ಲಿ 70ಕ್ಕೆ ಏರಿತು. ಹೊರದೇಶದಲ್ಲೇ ಸಾವಿರಾರು ರೂಪಾಯಿ ಬಾಳುವ, ಸುಮಾರು 30 ಸೆಂಟಿಮೀಟರ್ ಎತ್ತರದ ಹಾಟ್ ಟಾಯ್ಸ್ ಬೊಂಬೆ ಇಲ್ಲಿ 799 ರೂಪಾಯಿಗೆ ಸಿಗುತ್ತದೆ ಎಂದರೆ ಏನೆಂದು ನೀವೇ ಲೆಕ್ಕ ಹಾಕಿ.

2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಗುರುತಿನ ಜೊತೆ ಇರುವ 'ಸಿಎಂ/ಎಲ್' ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಯಾರದು ಎಂದು ತೋರಿಸುತ್ತದೆ. ಈ ಗುರುತು ಹೇಳುವುದು ಮಗುವಿಗೆ ಸುರಕ್ಷಿತವೇ ಎನ್ನುವುದನ್ನು, ಸಂಗ್ರಹಕ್ಕೆ ಬೆಲೆಬಾಳುತ್ತದೆಯೇ ಎನ್ನುವುದನ್ನಲ್ಲ. ಇದಕ್ಕೆ ವಿರುದ್ಧವಾಗಿ, ದುಬಾರಿ ಸಂಗ್ರಹದ ಬೊಂಬೆಗಳ ಮೇಲೆ ಹೆಚ್ಚಾಗಿ '15+' ಎಂದಿರುತ್ತದೆ, ಅವು ಮಕ್ಕಳ ಆಟಕ್ಕೆಂದು ಮಾಡಿದವಲ್ಲ. ಹಳೇ ಬೊಂಬೆಯ ಬಣ್ಣದಲ್ಲಿ ಸೀಸ ಇರಬಹುದು, ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಕೊಡಬೇಡಿ. ಗುಂಡಿಯಂಥ ಚಿಕ್ಕ ಬ್ಯಾಟರಿ ಅಥವಾ ಅಯಸ್ಕಾಂತವನ್ನು ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಫೋಟೋ ಕಳಿಸಿದ ಮೇಲೆ ಏನಾಗುತ್ತದೆ?

ಮೊದಲು "ನಿಮ್ಮ ಬೊಂಬೆ ಸೆಲೆಕ್ಟ್ ಆಗಿದೆ" ಎಂಬ ಉತ್ತರ. ಆಮೇಲೆ ರಿಜಿಸ್ಟ್ರೇಷನ್ ಫೀ, ಆಮೇಲೆ ಜಿಎಸ್‌ಟಿ, ಆಮೇಲೆ 'ಆರ್‌ಬಿಐ ಕ್ಲಿಯರೆನ್ಸ್'. ಹಳೇ ನೋಟು, ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಫೀ, ಕಮಿಷನ್, ತೆರಿಗೆ ಕೇಳುತ್ತಿರುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದೂ ಹೇಳಿತ್ತು. ನಾಣ್ಯದ ಜಾಗಕ್ಕೆ ಬೊಂಬೆ ಬಂದರೂ ಪಾಠ ಅದೇ.

ನಿಜವಾಗಿ ಕೊಳ್ಳುವವನು ನಿಮಗೆ ದುಡ್ಡು ಕೊಡುತ್ತಾನೆ, ನಿಮ್ಮಿಂದ ಕೇಳುವುದಿಲ್ಲ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಹಾಕಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಕೇಳಿತೆಂದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತಿದೆ ಎಂದೇ ಅರ್ಥ. ಈಗಾಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಆ ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಅವಕಾಶ ಹೆಚ್ಚು. ಚಾಟ್, ನಂಬರು, ಹಣ ಕಳಿಸಿದ ರಸೀದಿ ಯಾವುದನ್ನೂ ಅಳಿಸಬೇಡಿ, ದೂರಿನ ಜೊತೆ ಅವು ಬೇಕಾಗುತ್ತವೆ.