ಶಾಲೆಯ ಮುಂದಿನ ರಸ್ತೆ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿತು. ಅದರ ಮುಂದೆ ಹಾದುಹೋಗುವ ಬೆಂಗಳೂರು–ಮೈಸೂರು ರಸ್ತೆಯ ವಯಸ್ಸು ಹೇಳುವುದು ಅಷ್ಟು ಸುಲಭವಲ್ಲ. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದ ಕಾಲಕ್ಕೇ ಚನ್ನಪಟ್ಟಣ, ಮದ್ದೂರಿನ ಮೇಲೆ ದಂಡೂ ಸರಕೂ ಓಡಾಡುತ್ತಿದ್ದವು. 1799ರ ನಂತರ ದಿವಾನರಾಗಿದ್ದ ಪೂರ್ಣಯ್ಯನವರ ಕಾಲದಲ್ಲಿ ಈ ದಾರಿಯಲ್ಲಿ ಕ್ಲೋಸ್‌ಪೇಟೆ ಹುಟ್ಟಿತು. ಅದೇ ಇಂದಿನ ರಾಮನಗರ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅವರು 1804ರಲ್ಲಿ ಕಟ್ಟಿಸಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯನ್ನು ಈಗಲೂ ನೋಡಬಹುದು. ಮುಂದೆ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಮೈಸೂರು ಸೀಮೆಯ ರಸ್ತೆಗಳು ಗಾಡಿ ಓಡುವಷ್ಟು ಗಟ್ಟಿಯಾದವು. ದಾರಿಯುದ್ದಕ್ಕೂ ಕೊಡಬೇಕಿದ್ದ ಸಣ್ಣಪುಟ್ಟ ಸುಂಕಗಳನ್ನು ಎತ್ತಿಹಾಕಿದ್ದೂ ಆಗಲೇ. ಸುಂಕದ ಕಥೆ ಅಲ್ಲಿಗೆ ಮುಗಿಯಲಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಇವೆಲ್ಲ ಪುಸ್ತಕದಲ್ಲಿ ಸಿಗುವ ಮಾತು. ನಮ್ಮೂರಿನ ಪಾಲಿನ ಚರಿತ್ರೆ ಇದ್ದದ್ದು ರಸ್ತೆಯ ಬದಿಯಲ್ಲಿ. ಶಾಲೆಗೂ ಬಸ್‌ಸ್ಟಾಪಿಗೂ ನಡುವೆ ಎದೆಯೆತ್ತರದ ಎರಡು ಕಲ್ಲು ನೆಟ್ಟು, ಮೇಲೊಂದು ಚಪ್ಪಡಿ ಅಡ್ಡ ಇಟ್ಟಿದ್ದ ಹೊರೆಗಲ್ಲು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ತಲೆಹೊರೆ ಹೊತ್ತು ಸಂತೆಗೆ ಹೋಗುವವರು ಇನ್ನೊಬ್ಬರ ಕೈ ಬೇಡದೆ ಹೊರೆಯನ್ನು ಅಲ್ಲಿಗೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಾವೇ ತಲೆಗೇರಿಸಿಕೊಳ್ಳುತ್ತಿದ್ದರು. ನೆಲಕ್ಕಿಳಿಸಿದ ಹೊರೆಯನ್ನು ಒಬ್ಬರೇ ಎತ್ತುವುದು ಕಷ್ಟ. ಆ ಕಷ್ಟ ಬಲ್ಲವರು ಯೋಚಿಸಿ ಮಾಡಿದ ಕೆಲಸ ಅದು. ತುಂಬು ಬಸುರಿಯೊಬ್ಬಳು ತೀರಿಕೊಂಡಾಗ ಅವಳ ನೆನಪಿಗೆ ಮನೆಯವರು ನೆಡಿಸಿದ್ದು ಎಂದು ನಮ್ಮ ತಾತ ಹೇಳುತ್ತಿದ್ದರು. ನಮ್ಮ ಕಾಲಕ್ಕೆ ಅದು ಸ್ಕೂಲ್ ಬ್ಯಾಗ್ ಇಡುವ ಜಾಗವಾಗಿತ್ತು. ಚಪ್ಪಡಿಯ ಒಂದು ಅಂಚು ನಯವಾಗಿ ಸವೆದಿತ್ತು.

ಅದರ ಪಕ್ಕದ ಮೈಲಿಗಲ್ಲಿನ ಮೇಲೆ ಬೆಂಗಳೂರಿಗೆ 56 ಎಂದು ಕನ್ನಡ ಅಂಕಿಯಲ್ಲಿ ಕೆತ್ತಿತ್ತು. 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದ ಮೇಲೆ ನೆಟ್ಟ ಕಿಲೋಮೀಟರ್ ಕಲ್ಲಿನಲ್ಲಿ 90 ಇತ್ತು. ಒಂದೇ ಊರು ಎರಡು ಕಲ್ಲಿನಲ್ಲಿ ಎರಡು ದೂರದಲ್ಲಿರುವುದು ಹೇಗೆ ಎಂದು ನಮ್ಮ ಗಣಿತದ ಮೇಷ್ಟ್ರು ಎಂಟನೇ ತರಗತಿಯನ್ನೇ ರಸ್ತೆಗೆ ಕರೆದೊಯ್ದು ಕೇಳಿದ್ದರು. 1.6ರ ಗುಣಾಕಾರ ನಾನು ಕಲಿತದ್ದು ಅಲ್ಲೇ. ಆ ಕಿಲೋಮೀಟರ್ ಕಲ್ಲಿನ ತಲೆಗೆ ರಾಜ್ಯ ಹೆದ್ದಾರಿ 17ರ ಹಸಿರು ಬಣ್ಣವಿತ್ತು. ರಸ್ತೆ ರಾಷ್ಟ್ರೀಯ ಹೆದ್ದಾರಿ 275 ಆದಾಗ ಹಳದಿ ಬಂತು.

ಇನ್ನು ಸಾಲುಮರಗಳು. ಆಲ, ಹುಣಸೆ, ಒಂದೊಂದಕ್ಕೂ ಬಿಳಿ ಸುಣ್ಣದ ಪಟ್ಟಿ, ನಂಬರು. ಹುಣಸೆ ಫಸಲು ಹರಾಜಾಗುತ್ತಿತ್ತು. ಆದರೆ ಹರಾಜು ಕೂಗಿದವರಿಗಿಂತ ಮೊದಲು ಕಾಯಿ ನೋಡುತ್ತಿದ್ದವರು ನಾವು. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆಗೇ ಹಾಸಿ ಲಾರಿ ಬಸ್ಸುಗಳಿಂದ ಒಕ್ಕಣೆ ಮಾಡಿಸುತ್ತಿದ್ದರು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ನಿಧಾನಕ್ಕೆ ಹೋಗುವಾಗ ಹಿಂದಿನಿಂದ ಜಲ್ಲೆ ಎಳೆಯದವರು ನಮ್ಮ ಶಾಲೆಯಲ್ಲಿ ಓದಿದವರೇ ಅಲ್ಲ. 2000ದ ದಶಕದಲ್ಲಿ ರಸ್ತೆ ನಾಲ್ಕು ಪಥವಾಯಿತು. ನಾನಾಗ ಇಲ್ಲೇ ಓದುತ್ತಿದ್ದೆ. ಪಾಠದ ನಡುವೆ ಗರಗಸದ ಸದ್ದು ಕೇಳುತ್ತಿತ್ತು. ಪರೀಕ್ಷೆ ಮುಗಿಯುವಷ್ಟರಲ್ಲಿ ಶಾಲೆಯ ಮುಂದೆ ನೆರಳಿರಲಿಲ್ಲ.

2023ರ ಮಾರ್ಚ್ 12ರಂದು ಈಗಿನ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಮದ್ದೂರು, ಮಂಡ್ಯ ಪಟ್ಟಣಗಳು ಅದರಿಂದ ಆಚೆ ಉಳಿದವು. ನಮ್ಮಂಥ ಹಳ್ಳಿಗಳಲ್ಲಿ ಹಳೆಯ ರಸ್ತೆಯ ಮೇಲೆಯೇ ಅದು ಬಂತು: ನಡುವೆ ಆರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ, ಮಧ್ಯೆ ಬೇಲಿ. ಉದ್ಘಾಟನೆಯಾದ ಎರಡು ದಿನಕ್ಕೆ ಟೋಲ್ ಶುರುವಾಯಿತು, ಅಂದರೆ ಸುಂಕ ಮರಳಿ ಬಂತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ವೇಗದ ರಸ್ತೆಗೆ ಈ ನಿಯಮ ಬೇಕಾದದ್ದೇ, ತಿಂಗಳಿಗೆರಡು ಸಲ ಬೆಂಗಳೂರಿನಿಂದ ಕಾರಿನಲ್ಲಿ ಬರುವ ನನಗೆ ಒಂದು ಗಂಟೆ ಉಳಿಯುವುದೂ ನಿಜ. ಆದರೆ ಊರಿನ ಅರ್ಧ ಮನೆಗಳು ರಸ್ತೆಯ ಆ ಕಡೆ ಇವೆ, ಶಾಲೆ ಈ ಕಡೆ. ಅಂಡರ್‌ಪಾಸ್ ಇರುವುದು ಅರ್ಧ ಕಿಲೋಮೀಟರ್ ಆಚೆ. ದೊಡ್ಡ ಮಳೆ ಬಂದರೆ ಅಲ್ಲಿ ಮೊಣಕಾಲುದ್ದ ನೀರು, ಅವತ್ತು ಹಾಜರಿ ಪುಸ್ತಕದಲ್ಲಿ ಆ ಕಡೆಯ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿ. ಕೆಲವರು ಬೇಲಿ ಸರಿಸಿ ದಾಟುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ತಲೆಹೊರೆಯವರ ಕಷ್ಟ ತಿಳಿದು ಕಲ್ಲು ನೆಟ್ಟವರ ಊರಿನಲ್ಲಿ, ನಡೆದು ಬರುವ ಮಕ್ಕಳಿಗೊಂದು ಮೇಲ್ಸೇತುವೆ ಬೇಕು ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಹಳೆಯ ವಿದ್ಯಾರ್ಥಿಗಳು ಸಹಿ ಹಾಕಲು ಅರ್ಜಿಯೊಂದನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಇಡಲಾಗಿದೆ.

ಹೊರೆಗಲ್ಲಿನ ಚಪ್ಪಡಿ ಈಗ ಸರ್ವಿಸ್ ರಸ್ತೆಯ ಚರಂಡಿಯ ಪಕ್ಕ ಮಗುಚಿ ಬಿದ್ದಿದೆ. ನೆಟ್ಟ ಕಲ್ಲುಗಳಲ್ಲಿ ಒಂದು ತುಂಡಾಗಿದೆ, ಇನ್ನೊಂದು ಚೆನ್ನಾಗಿದೆ. ಒಂದು ಜೆಸಿಬಿ, ಅರ್ಧ ದಿನದ ಕೆಲಸ. ಶಾಲೆಯ ಗೇಟಿನ ಒಳಗೆ, ಧ್ವಜಸ್ತಂಭದ ಬಲಕ್ಕೆ ಜಾಗವಿದೆ.