ದೂರದರ್ಶನದ ಮೌರ್ಯಕಥೆಗಳಲ್ಲಿ ಕಾಲವಿರೋಧ

ಆಚಾರ್ಯ ದಂಡಿಯು ಕಾವ್ಯದೋಷಗಳನ್ನು ಗಣಿಸುವಾಗ ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮಗಳಿಗೆ ವಿರುದ್ಧವಾದುದನ್ನು ಒಂದು ದೋಷವೆಂದು ಹೇಳಿರುವನು. ಒಂದೇ ಪ್ರಬಂಧದಲ್ಲಿ ಪೂರ್ವಾಪರಗಳು ಪರಸ್ಪರ ಬಾಧಿಸುವುದು ‘ವ್ಯರ್ಥ’ವೆಂಬ ಮತ್ತೊಂದು ದೋಷವು. ಈಗ ಮನೆಮನೆಗಳಲ್ಲಿಯೂ ನೋಡುವ ಐತಿಹಾಸಿಕ ಧಾರಾವಾಹಿಗಳನ್ನು ಪರೀಕ್ಷಿಸುವುದಕ್ಕೆ ಈ ಎರಡು ಲಕ್ಷಣಗಳೇ ಸಾಕಾಗುವುವು.

ಇವುಗಳಲ್ಲಿ ವ್ಯರ್ಥದೋಷವು ಅಲ್ಪವಾದುದು. ದೃಶ್ಯಗಳನ್ನು ಕಥಾಕ್ರಮದಲ್ಲಿ ಚಿತ್ರಿಸುವ ವಾಡಿಕೆಯಿಲ್ಲ. ಒಂದೇ ಸ್ಥಳದಲ್ಲಿ ನಡೆಯತಕ್ಕವುಗಳನ್ನೆಲ್ಲ ಒಟ್ಟಿಗೆ ಚಿತ್ರಿಸಿ ಆಮೇಲೆ ಜೋಡಿಸುವರು. ಆದುದರಿಂದ ಬಲಗೈಯಲ್ಲಿದ್ದ ಗಾಯವು ಎಡಗೈಗೆ ಹೋಗುವುದೂ, ಸಭೆಯಲ್ಲಿದ್ದ ಕಂಠಾಭರಣವು ಬಾಗಿಲು ದಾಟುವಷ್ಟರಲ್ಲಿ ಮಾಯವಾಗುವುದೂ ಸಂಭವಿಸುವುವು. ಪ್ರೇಕ್ಷಕನು ಇದನ್ನು ಕಂಡು ನಕ್ಕು ಮರೆಯುವನು. ಕಾಲವಿರೋಧವಾದರೋ ಹಾಗಲ್ಲ, ಬಲ್ಲವರಲ್ಲದೆ ಇತರರು ಅದನ್ನು ಕಾಣಲಾರರು. ಕಾಣದ ದೋಷವೇ ನಿಜವೆಂದು ಮನಸ್ಸಿನಲ್ಲಿ ನೆಲೆಸುವುದು.

2015–16ರಲ್ಲಿ ಪ್ರಸಾರವಾದ ‘ಚಕ್ರವರ್ತಿನ್ ಅಶೋಕ ಸಮ್ರಾಟ್’ ಎಂಬ ಹಿಂದೀ ಧಾರಾವಾಹಿಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಅದರಲ್ಲಿ ಚಂದ್ರಗುಪ್ತನ ಯವನಪತ್ನಿಗೆ ಹೆಲೆನಾ ಎಂದು ಹೆಸರು. ಸೆಲ್ಯೂಕಸನಿಗೂ ಚಂದ್ರಗುಪ್ತನಿಗೂ ಕ್ರಿ. ಪೂ. 303ರ ಸುಮಾರಿನಲ್ಲಿ ಸಂಧಿಯಾದುದೂ, 500 ಆನೆಗಳು ಯವನರಿಗೆ ಸಂದುದೂ, ವಿವಾಹಸಂಬಂಧದ ಮಾತು ನಡೆದುದೂ ಪ್ರಾಚೀನ ಗ್ರೀಕ್ ಲೇಖಕರಿಂದ ತಿಳಿಯುತ್ತವೆ. ಆದರೆ ವಧುವಿನ ಹೆಸರನ್ನು ಅವರಲ್ಲಿ ಯಾರೂ ಹೇಳಿಲ್ಲ. ಹೆಲೆನಾ ಎಂಬುದು ಆಧುನಿಕರ ಕಲ್ಪನೆ. ಆಕೆಯ ಮಗನಿಗೆ ಜಸ್ಟಿನ್ ಎಂಬ ಹೆಸರಿಟ್ಟಿರುವುದು ಇನ್ನೂ ವಿಚಿತ್ರ. ಅದು ಗ್ರೀಕ್ ಹೆಸರಲ್ಲ, ಲ್ಯಾಟಿನ್ ಹೆಸರು. ಚಂದ್ರಗುಪ್ತನ ವೃತ್ತಾಂತವನ್ನು ಶತಮಾನಗಳ ತರುವಾಯ ಸಂಗ್ರಹಿಸಿದ ರೋಮನ್ ಲೇಖಕನ ಹೆಸರೂ ಅದೇ. ಬಿಂದುಸಾರನ ಸೇನಾನಿಯು ಮೀರ್ ಖೊರಾಸಾನ್, ಅವನ ಮಗಳು ನೂರ್. ‘ಮೀರ್’, ‘ನೂರ್’ ಎಂಬಿವು ಅರಬ್ಬೀಮೂಲದ ಶಬ್ದಗಳು. ಇಂತಹ ಹೆಸರುಗಳು ಇಸ್ಲಾಂ ಧರ್ಮದ ಪ್ರಸಾರಕ್ಕೆ, ಎಂದರೆ ಕ್ರಿ. ಶ. 7ನೆಯ ಶತಮಾನಕ್ಕೆ, ಈಚಿನವು. ಪಾಟಲೀಪುತ್ರದಲ್ಲಿ ಅವು ಸುಮಾರು ಒಂಬೈನೂರು ವರ್ಷ ಮೊದಲೇ ಕೇಳಿಬರುತ್ತವೆ!

ಗುಣವನ್ನೂ ಹೇಳುವುದು ನ್ಯಾಯ. ಬಿಂದುಸಾರನ ಕಾಲದಲ್ಲಿ ಚಾಣಕ್ಯನು ಬದುಕಿದ್ದಂತೆ ತೋರಿಸಿರುವುದಕ್ಕೆ ಹೇಮಚಂದ್ರನ ಪರಿಶಿಷ್ಟಪರ್ವದ ಆಧಾರವುಂಟು. ಅಶೋಕನ ತಾಯಿಗೆ ಧರ್ಮಾ ಎಂಬ ಹೆಸರು ಸಿಂಹಳದ ಬೌದ್ಧ ಸಂಪ್ರದಾಯದಲ್ಲಿದೆ.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿಯೇ ಹೂಣರ ಪ್ರಸ್ತಾಪವಿದೆ. ಚಂದ್ರಗುಪ್ತನ ಕಾಲದ ಭಾರತವು ಹೂಣರನ್ನು ಅರಿಯದು. ಮಹಾಕವಿಗೆ ಸಲ್ಲುವುದು ಇವರಿಗೇಕೆ ಸಲ್ಲದು? ಸಮಾಧಾನವಿಷ್ಟೆ: ಕವಿಕೌಶಲದಿಂದ ವಿರೋಧವೂ ಗುಣವಾಗಬಹುದೆಂದು ದಂಡಿಯೇ ಒಪ್ಪಿರುವನು. ಆದರೆ ನೂರ್ ಎಂಬ ಹೆಸರಿನಿಂದ ಯಾವ ರಸವೂ ಪುಷ್ಟವಾಗಲಿಲ್ಲ, ಅನವಧಾನವೊಂದೇ ಪ್ರಕಟವಾಯಿತು. ಮೇಲಾಗಿ ಮುದ್ರಾರಾಕ್ಷಸವನ್ನು ಓದುವವನು ಅದನ್ನು ನಾಟಕವೆಂದೇ ಓದುವನು. ಧಾರಾವಾಹಿಯ ಆರಂಭದಲ್ಲಿ ಕ್ಷಣಮಾತ್ರ ಮೂಡುವ ‘ಇದು ಕಲ್ಪಿತ’ವೆಂಬ ಸೂಚನೆಯು ನೂರಾರು ಸಂಚಿಕೆಗಳ ಚಿತ್ರಪ್ರವಾಹವನ್ನು ತಡೆಯಲಾರದು.

ಸಾಮಗ್ರಿಯ ಅಭಾವವೆಂದು ಹೇಳುವಂತೆಯೂ ಇಲ್ಲ. ನಮ್ಮ ನಾಡೊಂದೇ ಎಷ್ಟು ಸಾಕ್ಷ್ಯವನ್ನು ಕೊಡುತ್ತದೆ! 1915ರಲ್ಲಿ ದೊರೆತ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರೇ ಇದೆ. 1892ರಲ್ಲಿ ರೈಸರು ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳು ಬ್ರಾಹ್ಮೀಲಿಪಿಯವು. ಆದರೂ ಲಿಪಿಕಾರ ಚಪಡನು ತನ್ನ ವೃತ್ತಿನಾಮವನ್ನು ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿರುವನು. ಕಾಗದವೂ ನಾಗರೀಲಿಪಿಯೂ ಆ ಕಾಲಕ್ಕೆ ಸಲ್ಲವೆಂಬುದನ್ನು ಇಷ್ಟರಿಂದಲೇ ಊಹಿಸಬಹುದು. ಸನ್ನತಿಯ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂಬ ಬರಹದೊಡನೆ ರಾಜಮೂರ್ತಿಯೇ ದೊರೆತಿದೆ. ಅದು ಅಶೋಕನಿಗಿಂತ ಈಚಿನದಾದರೂ ಅಲ್ಲಿಯ ಉಡಿಗೆ, ತಲೆಯುಡಿಗೆ, ಪರಿಚಾರಿಕೆಯರ ಛತ್ರಚಾಮರಗಳು ಯಾವ ವಸ್ತ್ರಕಾರನ ಕಲ್ಪನೆಗಿಂತಲೂ ಆ ಕಾಲಕ್ಕೆ ಸಮೀಪವಾದುವು. ಪರಿಶ್ರಮಪಟ್ಟರೆ ಫಲವುಂಟೆಂಬುದಕ್ಕೆ ಚಂದ್ರಪ್ರಕಾಶ ದ್ವಿವೇದಿಯವರು 1991–92ರಲ್ಲಿ ಪ್ರಸಾರಮಾಡಿದ ‘ಚಾಣಕ್ಯ’ವೇ ನಿದರ್ಶನ.

ಚಪಡನ ಹೆಸರನ್ನು ಕೇಳದ ಬಾಲಕರು ಜಸ್ಟಿನನನ್ನು ಚೆನ್ನಾಗಿ ಬಲ್ಲರು. ಒಂದು ಶಿಲೆಯಲ್ಲಿ ಎರಡು ಸಾವಿರದ ಇನ್ನೂರು ವರ್ಷ ಉಳಿದು ಬಂದವನು ಅಜ್ಞಾತನಾಗಿ, ಎಂದೂ ಇಲ್ಲದವನು ಪ್ರಸಿದ್ಧನಾಗುವುದು ಸಣ್ಣ ಹಾನಿಯಲ್ಲ. ಕಥೆಯನ್ನು ಹೆಣೆಯುವ ಸ್ವಾತಂತ್ರ್ಯವು ಕವಿಗೆ ಇರಲಿ. ಹೆಸರು, ಲಿಪಿ, ಉಡಿಗೆ ಇವುಗಳ ವಿಷಯದಲ್ಲಿ ಶಾಸನಜ್ಞರನ್ನೂ ಶಿಲ್ಪಜ್ಞರನ್ನೂ ಚಿತ್ರಣಕ್ಕೆ ಮೊದಲೇ ವಿಚಾರಿಸುವ ಪದ್ಧತಿಯು ಬರಲಿ. ವಿದ್ವಾಂಸರೂ ಇಂತಹ ಕೃತಿಗಳನ್ನು ಉಪೇಕ್ಷಿಸದೆ, ದೋಷವನ್ನು ಪ್ರಮಾಣಪೂರ್ವಕವಾಗಿ ತೋರಿಸಿಕೊಡುವುದು ಅವಶ್ಯಕವು.